ಎರಡನೇ ಗೆರೆ ಮೂಡಿದಾಗ: ಸಾಮಾನ್ಯ ಕನೋಲಾ ಲೋಡಿನಲ್ಲಿ ಕುಲಾಂತರಿ ಬೆರಕೆಯ ಮೂಲ ಹುಡುಕುವ ಬಗೆ

ನವೆಂಬರ್ ಕೊನೆಯ ವಾರದ ಒಂದು ಮಧ್ಯಾಹ್ನ. ಪಶ್ಚಿಮ ಆಸ್ಟ್ರೇಲಿಯಾದ ಗ್ರೇಟ್ ಸದರ್ನ್ ಸೀಮೆಯ ಧಾನ್ಯ ಸ್ವೀಕಾರ ಕೇಂದ್ರವೊಂದರಲ್ಲಿ, ವೇಬ್ರಿಡ್ಜ್ ಪಕ್ಕದ ಮಾದರಿ ಕೋಣೆಯಲ್ಲಿ, ಕನೋಲಾ ಎಂಬ ಎಣ್ಣೆಕಾಳನ್ನು ಅರೆದ ನೀರಿನಲ್ಲಿ ಅದ್ದಿದ್ದ, ಕುಲಾಂತರಿ ಬೆರಕೆ ಹಿಡಿಯುವ ಪರೀಕ್ಷಾ ಪಟ್ಟಿಯನ್ನೇ ನೋಡುತ್ತ ನಿಂತಿದ್ದೆ. ಮೇಲಿನ ಗೆರೆ ಮೂಡಿತು. ಅದು ಮೂಡಲೇಬೇಕು. ಸ್ವಲ್ಪ ಹೊತ್ತಿನಲ್ಲಿ ಅದರ ಕೆಳಗೆ, ಬೆಳಕಿಗೆ ಹಿಡಿದರಷ್ಟೇ ಕಾಣುವಷ್ಟು ತೆಳ್ಳಗೆ, ಗುಲಾಬಿ ಬಣ್ಣದ ಇನ್ನೊಂದು ಗೆರೆ ಕಂಡಿತು. ಹೊರಗಿನ ಲಾರಿಯಲ್ಲಿ 40 ಟನ್ ಕನೋಲಾ ಇತ್ತು. ಘೋಷಣಾ ಪತ್ರದಲ್ಲಿ ‘ಕುಲಾಂತರಿ ಅಲ್ಲ’ ಎಂದು ಬರೆದಿತ್ತು. ರೈತ ಅರವತ್ತು ದಾಟಿದವರು. ಪಟ್ಟಿಯನ್ನು ನೋಡಿದವರೇ, ‘ಪಕ್ಕದ ಹೊಲದವರದ್ದು. ಹೂವಿನ ಕಾಲದಲ್ಲಿ ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು’ ಎಂದರು.

ಈ ಮಾತನ್ನು ನಾನು ಪ್ರತಿ ಸುಗ್ಗಿಯಲ್ಲೂ ಕೇಳಿದ್ದೇನೆ. ನೋವಿನಿಂದ ಬರುವ ಮಾತು ಅದು, ಸುಳ್ಳು ಎನ್ನಲಾರೆ. ಆದರೆ ಹುಡುಕಾಟವನ್ನು ಗಾಳಿಯಿಂದ ಆರಂಭಿಸಿದರೆ ಹತ್ತಕ್ಕೆ ಎಂಟು ಸಲ ದಾರಿ ತಪ್ಪುತ್ತದೆ, ನೆರೆಹೊರೆಯ ಮನಸ್ಸೂ ಕೆಡುತ್ತದೆ. ಊರಿನಲ್ಲಿದ್ದಾಗ ರಾಣೆಬೆನ್ನೂರಿನ ಬೀಜೋತ್ಪಾದನೆಯ ಕೆಲಸದಲ್ಲಿ ಕೆಲವು ವರ್ಷ ಕಳೆದಿದ್ದೆ. ಅಲ್ಲಿ ಹಿರಿಯರೊಬ್ಬರು ಕಲಿಸಿದ ಕ್ರಮವೇ ಇಲ್ಲಿಯೂ ಕೈಹಿಡಿದಿದೆ: ಬೆರಕೆ ಕಂಡರೆ ಮೊದಲು ಕಣ ನೋಡು, ಆಮೇಲೆ ಚೀಲ ನೋಡು, ಕೊನೆಗೆ ಬದು ನೋಡು. ಈ ಕೈಪಿಡಿಯೂ ಅದೇ ಕ್ರಮದಲ್ಲಿ, ಧಾನ್ಯ ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯುತ್ತದೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಕನೋಲಾ ನಮ್ಮ ಸಾಸಿವೆಯ ಸೋದರ. 1970ರ ದಶಕದಲ್ಲಿ ಕೆನಡಾದ ತಳಿವಿಜ್ಞಾನಿಗಳು ರೇಪ್‌ಸೀಡ್‌ನಿಂದ ಎರುಸಿಕ್ ಆಮ್ಲವನ್ನೂ ಹಿಂಡಿಯ ಕಟುವನ್ನೂ ತಗ್ಗಿಸಿ ರೂಪಿಸಿದ ಬೆಳೆ. ಕಳೆನಾಶಕ ತಾಳುವ ಕುಲಾಂತರಿ ತಳಿಗಳಿಗೆ ಆಸ್ಟ್ರೇಲಿಯಾದ ಜೀನ್ ತಂತ್ರಜ್ಞಾನ ನಿಯಂತ್ರಕರು 2003ರಲ್ಲಿ ಒಪ್ಪಿಗೆ ಕೊಟ್ಟರು. ಆದರೆ ರಾಜ್ಯಗಳು ತಡೆ ಹಾಕಿದವು. ವಿಕ್ಟೋರಿಯಾ ಮತ್ತು ನ್ಯೂ ಸೌತ್ ವೇಲ್ಸ್‌ನಲ್ಲಿ 2008ರಲ್ಲಿ, ಪಶ್ಚಿಮ ಆಸ್ಟ್ರೇಲಿಯಾದಲ್ಲಿ 2010ರಲ್ಲಿ ಬಿತ್ತನೆ ಶುರುವಾಯಿತು. ಅಲ್ಲಿಂದ ಎರಡೂ ಬಗೆಯ ಕನೋಲಾ ಒಂದೇ ಸೀಮೆಯಲ್ಲಿ ಬೆಳೆಯುತ್ತಿವೆ, ಒಂದೇ ರಸ್ತೆಯಲ್ಲಿ ಸಾಗುತ್ತಿವೆ. ಸಾಮಾನ್ಯ ಕನೋಲಾಕ್ಕೆ ಯುರೋಪಿನಲ್ಲಿ ಬೇಡಿಕೆ ಇರುವುದರಿಂದ ಬೇರೆ ರಾಶಿ, ಬೇರೆ ಬೆಲೆ. ಆ ರಾಶಿಯಲ್ಲಿ, ಒಪ್ಪಿಗೆ ಪಡೆದ ಕುಲಾಂತರಿ ತಳಿಯ ಆಕಸ್ಮಿಕ ಬೆರಕೆಗೆ ಇರುವ ಮಿತಿ ಶೇ 0.9. ಬಿತ್ತನೆ ಬೀಜಕ್ಕೆ ಶೇ 0.5. ಈ ಎರಡು ಅಂಕಿಗಳು ನೆನಪಿನಲ್ಲಿರಲಿ.

ಮೊದಲು ಪಟ್ಟಿಯನ್ನೇ ಪರೀಕ್ಷಿಸಿ

ಹೊಲಕ್ಕೆ ಓಡುವ ಮುನ್ನ ಪರೀಕ್ಷೆ ಸರಿಯಾಗಿದೆಯೇ ನೋಡಬೇಕು. ಗ್ಲೈಫೊಸೇಟ್ ಎಂಬ ಕಳೆನಾಶಕ ತಾಳುವ ಕನೋಲಾದಲ್ಲಿ ಮಣ್ಣಿನ ಬ್ಯಾಕ್ಟೀರಿಯಾವೊಂದರಿಂದ ತಂದ ವಂಶವಾಹಿ ಒಂದು ಪ್ರೋಟೀನನ್ನು ಉಂಟುಮಾಡುತ್ತದೆ. ಅದರ ಹೆಸರು ಸಿಪಿ4 ಇಪಿಎಸ್‌ಪಿಎಸ್. ಪಟ್ಟಿ ಹಿಡಿಯುವುದು ಅದನ್ನೇ. ಮೇಲಿನ ಗೆರೆ ಮಾತ್ರ ಬಂದರೆ ಬೆರಕೆ ಸಿಕ್ಕಿಲ್ಲ ಎಂದರ್ಥ. ಎರಡೂ ಬಂದರೆ ಸಿಕ್ಕಿದೆ. ಮೇಲಿನ ಗೆರೆಯೇ ಬಾರದಿದ್ದರೆ ಪಟ್ಟಿ ಕೆಟ್ಟಿದೆ, ಇನ್ನೊಂದು ತೆಗೆದುಕೊಳ್ಳಿ. ಗೆರೆ ತೆಳ್ಳಗಿದೆ ಎಂಬ ಕಾರಣಕ್ಕೆ ‘ಇಲ್ಲ’ ಎಂದು ಬರೆಯಬೇಡಿ. ಕಿಟ್ ಹೇಳಿದ ಸಮಯದೊಳಗೆ ಮೂಡಿದ ತೆಳು ಗೆರೆಯೂ ಗೆರೆಯೇ. ಹಾಗೆಯೇ, ಅರ್ಧ ಗಂಟೆ ಮೇಜಿನ ಮೇಲೆ ಒಣಗಿದ ಪಟ್ಟಿಯಲ್ಲಿ ಆಮೇಲೆ ಕಂಡ ನೆರಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಸುಳ್ಳು ಗೆರೆಗೆ ನಾನು ಕಂಡ ದೊಡ್ಡ ಕಾರಣ ಅರೆಯುವ ಜಾರ್. ಮುಚ್ಚಳದ ರಬ್ಬರ್ ಬಳೆಯನ್ನು ಒಮ್ಮೆ ಬಿಡಿಸಿ ನೋಡಿ. ಅದರ ಒಳಮೈಯಲ್ಲಿ ಹಳದಿ ಹಿಟ್ಟು ಎಣ್ಣೆಯ ಜೊತೆ ಅಂಟಿ ಕೂತಿರುತ್ತದೆ. ಬೆಳಿಗ್ಗೆ ಕುಲಾಂತರಿ ಲೋಡನ್ನು ಅರೆದ ಜಾರ್ ಅದೇ ಆಗಿದ್ದರೆ, ಮಧ್ಯಾಹ್ನದ ಲೋಡಿಗೆ ಆ ಹಿಟ್ಟೇ ಗೆರೆ ಕೊಡಬಲ್ಲದು. ಆದ್ದರಿಂದ ಖಾಲಿ ನೀರನ್ನೇ ಜಾರಿನಲ್ಲಿ ತಿರುಗಿಸಿ ಒಂದು ಪಟ್ಟಿ ಅದ್ದಿ. ಅದರಲ್ಲಿ ಎರಡನೇ ಗೆರೆ ಬಂದರೆ ದೋಷ ನಿಮ್ಮ ಕೋಣೆಯಲ್ಲಿದೆ, ರೈತನಲ್ಲಿ ಇಲ್ಲ. ಇದನ್ನು ಮಾಡದೆ ಲೋಡನ್ನು ತಿರಸ್ಕರಿಸುವುದು ಅನ್ಯಾಯ. ಪಟ್ಟಿಗಳ ಡಬ್ಬಿಯನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಇಡಬಾರದು ಎಂಬುದೂ ಇದೇ ಮಾತಿಗೆ ಸೇರುತ್ತದೆ.

ಇನ್ನೊಂದು ತಪ್ಪು ಇದರ ತಿರುಗುಮುರುಗು. ಈ ಪಟ್ಟಿಗೆ ಗ್ಲುಫೊಸಿನೇಟ್ ಎಂಬ ಇನ್ನೊಂದು ಕಳೆನಾಶಕ ತಾಳುವ ತಳಿಯ ಪ್ರೋಟೀನ್ ಕಾಣುವುದಿಲ್ಲ, ಅದಕ್ಕೆ ಬೇರೆ ಪಟ್ಟಿ ಬೇಕು. ಸುತ್ತಮುತ್ತ ಯಾವ ತಳಿ ಬಿತ್ತಿದ್ದಾರೆ ಎಂದು ಕೇಳಿ ತಿಳಿದು ಪಟ್ಟಿ ಆರಿಸಿ.

ಇದೆಯೇ ಎಂಬುದಕ್ಕಿಂತ ಎಷ್ಟಿದೆ ಎಂಬುದು ಮುಖ್ಯ

ಪಟ್ಟಿ ‘ಇದೆ’ ಎಂದು ಮಾತ್ರ ಹೇಳುತ್ತದೆ. ಸಾವಿರಾರು ಬೀಜದ ನಡುವೆ ಒಂದೆರಡು ಇದ್ದರೂ ಗೆರೆ ಬರಬಹುದು. ಮಿತಿ ಇರುವುದು ಶೇ 0.9ಕ್ಕೆ, ಸೊನ್ನೆಗಲ್ಲ. ಎಷ್ಟಿದೆ ಎಂದು ತಿಳಿಯಲು ಪ್ರಯೋಗಾಲಯದ ಪಿಸಿಆರ್ ಪರೀಕ್ಷೆ ಇದೆ, ಅದಕ್ಕೆ ದಿನಗಳು ಬೇಕು. ಲಾರಿ ಕಾಯುತ್ತಿರುವಾಗ ನಾನು ಮಾಡುವುದು ಗುಂಪು ಪರೀಕ್ಷೆ.

ಲೋಡಿನ ಮುಂದೆ, ನಡುವೆ, ಹಿಂದೆ, ಮೇಲಿಂದ ತಳದವರೆಗೆ ಕೊಳವೆ ಇಳಿಸಿ ಮಾದರಿ ತೆಗೆಯಿರಿ, ಚೆನ್ನಾಗಿ ಕಲೆಸಿ. ಅದರಿಂದ 100 ಬೀಜಗಳ 10 ಗುಂಪು ಮಾಡಿ. ನೂರು ಬೀಜವೆಂದರೆ ಮೂರನೇ ಒಂದು ಗ್ರಾಮಿನಷ್ಟು, ಬೆರಳ ತುದಿಯ ಮೇಲೆ ನಿಲ್ಲುವ ಗುಪ್ಪೆ. ಪ್ರತಿ ಗುಂಪನ್ನೂ ಬೇರೆಬೇರೆಯಾಗಿ, ಬೇರೆ ಶುದ್ಧ ಕೊಳವೆಯಲ್ಲಿ ಜಜ್ಜಿ ಪಟ್ಟಿ ಅದ್ದಿ. ಹತ್ತರಲ್ಲಿ ಒಂದು ಗುಂಪಿನಲ್ಲಿ ಗೆರೆ ಬಂದರೆ ಬೆರಕೆಯ ಅಂದಾಜು ಶೇ 0.1. ಮೂರರಲ್ಲಿ ಬಂದರೆ ಶೇ 0.36. ಆರರಲ್ಲಿ ಬಂದರೆ ಶೇ 0.9, ಅಂದರೆ ಸರಿಯಾಗಿ ಮಿತಿಯ ಅಂಚಿನಲ್ಲಿ. ಎಂಟು ಬಂದರೆ ಶೇ 1.6. ಹತ್ತಕ್ಕೆ ಹತ್ತೂ ಬಂದರೆ ಲೆಕ್ಕ ಕೈಗೆ ಸಿಗುವುದಿಲ್ಲ, ಬೆರಕೆ ಬಹಳವಿದೆ. ಇವು ಬರೀ ಅಂದಾಜುಗಳು. ಆರು ಗುಂಪು ಬಂದಾಗ ನಿಜ ಪ್ರಮಾಣ ಶೇ 0.3ರಿಂದ ಶೇ 2ರವರೆಗೆ ಎಲ್ಲಿಯಾದರೂ ಇರಬಹುದು. ಹಾಗಾಗಿ ನಾಲ್ಕರಿಂದ ಏಳು ಗುಂಪು ಬಂದ ಲೋಡನ್ನು ಪಟ್ಟಿಯ ಮೇಲೆ ತೀರ್ಮಾನಿಸದೆ ಪ್ರಯೋಗಾಲಯಕ್ಕೆ ಕಳಿಸಿ.

ಆ ಮಧ್ಯಾಹ್ನದ ಲೋಡಿನಲ್ಲಿ ಗೆರೆ ಬಂದದ್ದು ಹತ್ತರಲ್ಲಿ ಒಂದು ಗುಂಪಿಗೆ. 40 ಟನ್ನಿನಲ್ಲಿ ಶೇ 0.1 ಎಂದರೆ ಸುಮಾರು 40 ಕಿಲೋ. ಈ 40 ಕಿಲೋ ಎಂಬ ಅಂಕಿಯೇ ನನಗೆ ಮುಂದಿನ ದಾರಿ ತೋರಿಸಿತು. ಪ್ರಮಾಣವನ್ನು ಯಾವಾಗಲೂ ಕಿಲೋಗೆ ತಿರುಗಿಸಿ ನೋಡಿ. ಶೇಕಡಾ ಅಂಕಿ ಮಿತಿ ಮೀರಿದೆಯೇ ಎಂದಷ್ಟೇ ಹೇಳುತ್ತದೆ. ಅಷ್ಟು ಧಾನ್ಯ ಎಲ್ಲಿ ಅಡಗಿರಬಹುದು ಎಂದು ಯೋಚಿಸಲು ಕಿಲೋ ಬೇಕು.

ಗೆರೆಗಳ ವಿನ್ಯಾಸ ಓದಿ

ಒಂದೇ ಲೋಡು ನೋಡಿ ಮೂಲ ಹೇಳಲಾಗದು. ಅದೇ ಹೊಲದಿಂದ ಬಂದ ಎಲ್ಲ ಲೋಡುಗಳ ಉಳಿಕೆ ಮಾದರಿ ತೆಗೆಸಿ ಸಾಲಾಗಿ ಪರೀಕ್ಷಿಸಿ. ಮೊದಲ ಲೋಡಿನಲ್ಲಿ ಗಾಢ ಗೆರೆ, ಎರಡನೆಯದರಲ್ಲಿ ತೆಳು, ಮೂರನೆಯದರಿಂದ ಏನೂ ಇಲ್ಲ ಎಂದಾದರೆ ಕಟಾವು ಯಂತ್ರವನ್ನು ಹಿಡಿಯಿರಿ. ಒಂದೇ ಲಾರಿಯ ಲೋಡುಗಳಲ್ಲಿ ಮಾತ್ರ ಬಂದರೆ ಆ ಟ್ರೇಲರ್, ಇಲ್ಲವೇ ಅದನ್ನು ತುಂಬಿದ ಆಗರ್, ಅಂದರೆ ಧಾನ್ಯ ಸಾಗಿಸುವ ತಿರುಪಿನ ಕೊಳವೆ. ಎಲ್ಲ ಲೋಡಿನಲ್ಲೂ ಒಂದೇ ಸಮನಾಗಿ ಬಂದರೆ ಬೀಜದ ಚೀಲ. ಬಿಟ್ಟು ಬಿಟ್ಟು, ಕ್ರಮವಿಲ್ಲದೆ ಬಂದರೆ ಹೊಲದಲ್ಲಿ ತಾನಾಗಿ ಮೊಳೆತ ಹಳೆಯ ಗಿಡಗಳು. ಬೇಲಿಯ ಪಕ್ಕದ ಅಂಚನ್ನು ಕೊಯ್ದ ಲೋಡಿನಲ್ಲಿ ಮಾತ್ರ ಬಂದರೆ, ಆಗ ನೆರೆಯ ಹೊಲದ ಕಡೆ ನೋಡಿ. ಇದಕ್ಕಾಗಿಯೇ ಯಾವ ಲೋಡು ಹೊಲದ ಯಾವ ಮೂಲೆಯಿಂದ, ಯಾವ ಹೊತ್ತಿಗೆ ಬಂತು ಎಂದು ಯಂತ್ರದ ಕ್ಯಾಬಿನಿನಲ್ಲಿ ಒಂದು ಪುಸ್ತಕ ಇಡಿ ಎಂದು ಪ್ರತಿ ರೈತನಿಗೂ ಹೇಳುತ್ತೇನೆ. ಆ ಪುಸ್ತಕವಿಲ್ಲದಿದ್ದರೆ ವಾರದ ಕೆಲಸ, ಇದ್ದರೆ ಒಂದು ಗಂಟೆ.

ಕಟಾವು ಯಂತ್ರ

ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ಕನೋಲಾ ಬೀಜದ ಅಗಲ ಒಂದೂವರೆ, ಎರಡು ಮಿಲಿಮೀಟರ್. ಗುಂಡಗೆ, ನುಣುಪಾಗಿ, ಎಣ್ಣೆಯ ಹೊಳಪಿನಿಂದ ಇರುವ ಅದು ನೀರು ಹರಿಯುವ ಕಡೆಗೆಲ್ಲ ಹರಿಯುತ್ತದೆ. ಗೋಧಿ ನಿಲ್ಲುವ ಬಿರುಕಿನಲ್ಲಿ ಇದು ನಿಲ್ಲದೆ ಒಳಗೆ ಇಳಿಯುತ್ತದೆ. ಧಾನ್ಯದ ತೊಟ್ಟಿಯನ್ನು ಖಾಲಿ ಮಾಡಿದ ಮೇಲೂ ದೊಡ್ಡ ಯಂತ್ರದೊಳಗೆ ಹತ್ತಾರು ಕಿಲೋ ಧಾನ್ಯ, ಹೊಟ್ಟು ಉಳಿದಿರುತ್ತದೆ.

ನೋಡಬೇಕಾದ ಜಾಗಗಳು ಇವು: ಬಾಯಿಯ ಹಿಂದಿನ ಕಲ್ಲು ಹಿಡಿಯುವ ತೊಟ್ಟಿ, ಧಾನ್ಯ ಮೇಲೆತ್ತುವ ಎಲಿವೇಟರಿನ ಬುಡ, ತೊಟ್ಟಿಯ ಮೂಲೆಗಳು, ಸುರಿಯುವ ಆಗರಿನ ತಳದ ಗುಂಡಿ, ಜರಡಿಯ ಕೆಳಗಿನ ತಟ್ಟೆ. ಎಲಿವೇಟರಿನ ಬುಡದ ಮುಚ್ಚಳ ಬಿಚ್ಚುವಾಗ ಕೆಳಗೆ ಒಂದು ತಾಡಪಾಲು ಹಾಸಿ. ಮೊದಲು ಕಪ್ಪು ಬೀಜ ಸರ್ರನೆ ಇಳಿಯುತ್ತದೆ. ಅದು ನಿಂತ ಮೇಲೆ ಮುಗಿಯಿತು ಎನ್ನಬೇಡಿ. ಕೈ ಹಾಕಿ ಒಳಗೋಡೆ ಸವರಿದರೆ ಧೂಳು, ಎಣ್ಣೆ, ಬೀಜ ಸೇರಿ ಗಟ್ಟಿಯಾದ ಹೆಪ್ಪು ಬೆರಳಿಗೆ ಸಿಗುತ್ತದೆ. ಯಂತ್ರ ಅದುರುವಾಗ ಈ ಹೆಪ್ಪೇ ಚೂರು ಚೂರಾಗಿ ಕಳಚಿ ಮುಂದಿನ ಬೆಳೆಗೆ ಸೇರುವುದು. ಯಂತ್ರ ನಿಲ್ಲಿಸಿ, ಕೀ ತೆಗೆದು ನಿಮ್ಮ ಜೇಬಿನಲ್ಲಿ ಇಟ್ಟುಕೊಂಡ ಮೇಲೆಯೇ ಕೈ ಹಾಕಿ. ಈ ಮಾತಿಗೆ ವಿನಾಯಿತಿ ಇಲ್ಲ.

ಆ ರೈತರ ಹೊಲಕ್ಕೆ ಬಂದಿದ್ದು ಬಾಡಿಗೆ ಯಂತ್ರ. ಮೂರನೇ ಲೋಡಿನಿಂದ ಗೆರೆ ಇಲ್ಲವಾಗಿದ್ದರಿಂದ ನಾವು ಸೀದಾ ಎಲಿವೇಟರಿನ ಬುಡ ಬಿಚ್ಚಿದೆವು. ಸವರಿ ತೆಗೆದ ಒಂದು ಹಿಡಿ ಹೆಪ್ಪಿನಲ್ಲಿ ಎರಡನೇ ಗೆರೆ ಮೊದಲನೆಯದರಷ್ಟೇ ಗಾಢವಾಗಿ ಬಂತು. ಹಿಂದಿನ ವಾರ ಆ ಯಂತ್ರ ಕೊಯ್ದಿದ್ದು ಕುಲಾಂತರಿ ಕನೋಲಾ ಎಂದು ಚಾಲಕ ಆಮೇಲೆ ಒಪ್ಪಿಕೊಂಡ.

ಉಪಾಯ ಎರಡು. ಎರಡೂ ಬಗೆ ಬೆಳೆಯುವವರು ಸಾಮಾನ್ಯ ಕನೋಲಾವನ್ನೇ ಮೊದಲು ಕೊಯ್ಯಬೇಕು. ಬಾಡಿಗೆ ಯಂತ್ರ ಬಂದರೆ, ಗಾಳಿ ಊದಿ ಶುಚಿ ಮಾಡಿಸಿದ ಮೇಲೂ, ಮೊದಲ ತೊಟ್ಟಿಯ ಧಾನ್ಯವನ್ನು ಬೇರೆ ಇಟ್ಟು ಕುಲಾಂತರಿ ರಾಶಿಗೇ ಕೊಟ್ಟುಬಿಡಬೇಕು. 50 ಕಿಲೋ ಉಳಿಕೆ 40 ಟನ್ನಿನಲ್ಲಿ ಕಲೆತರೆ ಶೇ 0.125 ಮಾತ್ರ. ಅದೇ 50 ಕಿಲೋ ಮೊದಲ 5 ಟನ್ನಿನಲ್ಲೇ ಇಳಿದು, ಆ 5 ಟನ್ ಬೇರೆಯಾಗಿ ಹೋದರೆ ಶೇ 1, ಮಿತಿ ಮೀರಿತು.

ಟ್ರೇಲರ್, ಆಗರ್, ಧಾನ್ಯ ತುಂಬಿಡುವ ಸೈಲೊಗಳಿಗೂ ಇದೇ ದಾರಿ. ಟ್ರೇಲರಿನ ಹಿಂಬಾಗಿಲ ಸಂದು, ತಾಡಪಾಲಿನ ಮಡಿಕೆ, ಸೈಲೊದ ಶಂಕುವಿನ ತುದಿ ನೋಡಿದರೆ ಸಾಕು.

ಬಿತ್ತನೆ ಚೀಲ, ಬಿತ್ತುವ ಯಂತ್ರ

ಎಲ್ಲ ಲೋಡಿನಲ್ಲೂ ಸಮನಾದ ಗೆರೆ ಬಂದರೆ ಖಾಲಿ ಚೀಲಗಳ ಚೀಟಿ ಹುಡುಕಿ. ‘ಟಿಟಿ’ ಎಂಬ ಗುರುತಿನ ತಳಿ ಟ್ರೈಯಾಜಿನ್ ಕಳೆನಾಶಕ ತಾಳುವಂಥದ್ದು, ಕುಲಾಂತರಿ ಅಲ್ಲ. ‘ಆರ್‌ಟಿ’ ಎಂಬುದು ಟ್ರೈಯಾಜಿನ್ ಜೊತೆಗೆ ಗ್ಲೈಫೊಸೇಟನ್ನೂ ತಾಳುತ್ತದೆ, ಅದು ಕುಲಾಂತರಿ. ಒಂದೇ ಅಕ್ಷರದ ವ್ಯತ್ಯಾಸ. ಗೋದಾಮಿನ ಮಂಕು ದೀಪದಲ್ಲಿ ಚೀಲ ಅದಲುಬದಲಾದರೆ ಆ ವರ್ಷದ ಲೆಕ್ಕವೇ ತಲೆಕೆಳಗು.

ಬಿತ್ತುವ ಯಂತ್ರದ ಪೆಟ್ಟಿಗೆಯನ್ನು ಎಲ್ಲರೂ ಮರೆಯುತ್ತಾರೆ. ಹೈಬ್ರಿಡ್ ಕನೋಲಾ ಹೆಕ್ಟೇರಿಗೆ 2 ಕಿಲೋ ಆಸುಪಾಸು ಬೀಳುತ್ತದೆ. ಪೆಟ್ಟಿಗೆಯ ಮೂಲೆಯಲ್ಲಿ ಹಿಂದಿನ ತಳಿಯ ಒಂದು ಕಿಲೋ ಉಳಿದಿದ್ದರೆ ಅದು ಅರ್ಧ ಹೆಕ್ಟೇರಿನ ಬೀಜ. 100 ಹೆಕ್ಟೇರ್ ಹೊಲದಲ್ಲಿ ಅದೊಂದೇ ಶೇ 0.5 ಆಯಿತು. ಕಟಾವು ಯಂತ್ರದ 50 ಕಿಲೋಗಿಂತ ಬಿತ್ತನೆಯ ಒಂದು ಕಿಲೋ ಅಪಾಯಕಾರಿ, ಏಕೆಂದರೆ ಅದು ಬೆಳೆದು ಬರುತ್ತದೆ. ಅದರ ಗುರುತು, ಬಿತ್ತನೆ ಆರಂಭವಾದ ಮೂಲೆಯಲ್ಲಿ ಒಂದು ಪಟ್ಟೆಯಷ್ಟು ಮಾತ್ರ ಬೆರಕೆ ಇರುತ್ತದೆ.

ಸ್ವಂತ ಬೀಜ ಉಳಿಸಿಕೊಂಡು ಬಿತ್ತುವವರು ಉಳಿಸುವ ಮುನ್ನವೇ ಪರೀಕ್ಷಿಸಬೇಕು. ಮೂಲ ಬೀಜಕ್ಕೆ ಹತ್ತಿದ ಬೆರಕೆ ಎಷ್ಟು ವರ್ಷ ಕಾಡಬಹುದು ಎಂಬುದಕ್ಕೆ ಕೆನಡಾದ ಅಗಸೆ ಸಾಕ್ಷಿ. ಟ್ರಿಫಿಡ್ ಎಂಬ ಕುಲಾಂತರಿ ಅಗಸೆಯ ನೋಂದಣಿಯನ್ನು 2001ರಲ್ಲೇ ರದ್ದು ಮಾಡಿದ್ದರು. ಆದರೂ 2009ರಲ್ಲಿ ಯುರೋಪಿಗೆ ಹೋದ ಅಗಸೆಯಲ್ಲಿ ಅದರ ಕುರುಹು ಸಿಕ್ಕಿ ಮಾರುಕಟ್ಟೆ ಬಾಗಿಲು ಹಾಕಿತು.

ತಾನಾಗಿ ಮೊಳೆತ ಗಿಡ

ಕೆನಡಾದ ಸಸ್ಕಾಚೆವನ್ ಪ್ರಾಂತ್ಯದ ಹೊಲಗಳಲ್ಲಿ ಅಳೆದಾಗ ಕಟಾವಿನಲ್ಲಿ ಸರಾಸರಿ ಶೇ 6ರಷ್ಟು ಕನೋಲಾ ನೆಲಕ್ಕೆ ಉದುರಿತ್ತು, ಚದರ ಮೀಟರಿಗೆ ಸುಮಾರು 3,000 ಬೀಜ. ಮಣ್ಣಿನೊಳಗೆ ಅವು ನಿದ್ದೆ ಹೋಗಿ ಮೂರು ವರ್ಷದ ನಂತರವೂ ಏಳಬಲ್ಲವು. ಬೆಳೆಯಲ್ಲಿ ಚದರ ಮೀಟರಿಗೆ 40 ಗಿಡವಿದ್ದರೆ, ಮೂರು ಚದರ ಮೀಟರಿಗೆ ಒಂದೇ ಒಂದು ಹಳೆಯ ಗಿಡ ಸಾಕು, ಶೇ 0.8 ಮುಟ್ಟುತ್ತದೆ. ಬಿತ್ತಿದ ಸಾಲಿನ ನಡುವೆ ನಿಂತ ಗಿಡಗಳನ್ನೂ, ಹಿಂದಿನ ಕಟಾವಿನ ಹೊಟ್ಟು ಬಿದ್ದ ಪಟ್ಟೆಗಳನ್ನೂ ನೋಡಿ. ಇಲ್ಲೊಂದು ಸುಳಿವು: ಟಿಟಿ ಬೆಳೆಗೆ ಟ್ರೈಯಾಜಿನ್ ಗುಂಪಿನ ಅಟ್ರಜಿನ್ ಹೊಡೆದಿದ್ದರೆ ಬರೀ ಗ್ಲೈಫೊಸೇಟ್ ತಾಳುವ ಹಳೆಯ ಗಿಡ ಸಾಯಬೇಕು. ಉಳಿದಿದ್ದರೆ ಒಂದೋ ಅಟ್ರಜಿನ್ ಒಣ ಮಣ್ಣಿನಲ್ಲಿ ಕೆಲಸ ಮಾಡಿಲ್ಲ, ಇಲ್ಲವೇ ಅದು ಆರ್‌ಟಿ.

ಕೊನೆಗೆ ಗಾಳಿ

ಕನೋಲಾದ ಪರಾಗ ದೂರ ಹೋಗುವುದು ನಿಜ. ಆಸ್ಟ್ರೇಲಿಯಾದ ಹೊಲಗಳಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 3 ಕಿಲೋಮೀಟರ್ ಆಚೆಯೂ ಅದರ ಗುರುತು ಸಿಕ್ಕಿತ್ತು. ಆದರೆ ಇಡೀ ಹೊಲದ ಸರಾಸರಿ ತೆಗೆದಾಗ ಅದು ಶೇ 0.1ನ್ನೂ ಮುಟ್ಟಲಿಲ್ಲ. ಪರಾಗವೊಂದೇ ಒಂದು ಲೋಡನ್ನು ಶೇ 0.9ರ ಮೇಲೆ ಒಯ್ಯುವುದು ಬಲು ಕಷ್ಟ.

ಗಾಳಿ ತರುವ ದೊಡ್ಡ ಹೊರೆ ಬೇರೆ. ಇದೇ ಸೀಮೆಯ ಕೊಜೊನಪ್‌ನಲ್ಲಿ 2010ರಲ್ಲಿ ಕೊಯ್ದು ಸಾಲು ಹಾಕಿದ್ದ ಕುಲಾಂತರಿ ಕನೋಲಾ ಗಿಡಗಳೇ, ಕಾಯಿ ಸಮೇತ, ಗಾಳಿಗೆ ಹಾರಿ ಪಕ್ಕದ ಸಾವಯವ ಜಮೀನಿಗೆ ಬಿದ್ದವು. ಆ ಪ್ರಮಾಣಪತ್ರದ ನಿಯಮದಲ್ಲಿ ಬೆರಕೆಗೆ ಜಾಗವೇ ಇರಲಿಲ್ಲ. ಜಮೀನಿನ ಸುಮಾರು ಶೇ 70 ಭಾಗ ಸಾವಯವ ಮಾನ್ಯತೆ ಕಳೆದುಕೊಂಡಿತು. ಪ್ರಕರಣ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಗಿ 2014ರಲ್ಲಿ ವಜಾ ಆಯಿತು, ಮೇಲ್ಮನವಿಯೂ 2015ರಲ್ಲಿ ಬಿತ್ತು. ಆದ್ದರಿಂದ ಬೇಲಿಯ ಬಳಿ ಹುಡುಕುವಾಗ ಒಣ ಕಡ್ಡಿ, ಒಡೆದ ಕಾಯಿ ತಂತಿಗೆ ಸಿಕ್ಕಿವೆಯೇ ನೋಡಿ.

ಪರಾಗವೋ ಕಾಳೋ ಎಂದು ತಿಳಿಸುವ ತಟ್ಟೆ

ನೆರೆಯವರ ಮೇಲೆ ದೂರು ಹೋಗುವಷ್ಟು ಗಂಭೀರವಾದರೆ ಈ ಪರೀಕ್ಷೆ ಮಾಡಿಸದೆ ಮಾತು ಆಡಬೇಡಿ. ಟಿಟಿ ಬೆಳೆಯಲ್ಲಿ ಮಾತ್ರ ನಡೆಯುವ ಪರೀಕ್ಷೆ ಇದು. ಟ್ರೈಯಾಜಿನ್ ತಾಳುವ ಗುಣ ಗಿಡದ ಹಸಿರು ಕಣದಲ್ಲಿ ಇರುತ್ತದೆ, ತಾಯಿಯಿಂದ ಮಾತ್ರ ಬರುತ್ತದೆ, ಪರಾಗದ ಮೂಲಕ ಬರುವುದಿಲ್ಲ. ಗ್ಲೈಫೊಸೇಟ್ ತಾಳುವ ವಂಶವಾಹಿ ಪರಾಗದಲ್ಲೂ ಬರುತ್ತದೆ.

ಲೋಡಿನಿಂದ 2,000 ಬೀಜ ತಟ್ಟೆಗಳಲ್ಲಿ ಬಿತ್ತಿಸಿ. ಎರಡು ಮೂರು ಎಲೆ ಬಂದಾಗ ಗ್ಲೈಫೊಸೇಟ್ ಹೊಡೆಯಿರಿ. ಬೆರಕೆಯಲ್ಲದ ಸಸಿಗಳು ಎರಡು ವಾರದೊಳಗೆ ಹಳದಿಯಾಗಿ ಬಾಡುತ್ತವೆ. ಉಳಿದ ಸಸಿಗಳಿಗೆ ಅಟ್ರಜಿನ್ ಕೊಡಿ. ಅದನ್ನೂ ತಾಳಿ ನಿಂತರೆ ಅವುಗಳ ತಾಯಿ ಟಿಟಿ ಗಿಡ, ಅಂದರೆ ಬೀಜ ಆ ರೈತರ ಬೆಳೆಯ ಕಾಯಿಯಲ್ಲೇ ಕಟ್ಟಿದ್ದು, ಗುಣ ಪರಾಗದಿಂದ ಬಂದದ್ದು. ಈ ವರ್ಷದ ಪರಾಗವಿರಬಹುದು, ಅಥವಾ ಉಳಿಸಿಕೊಂಡ ಬೀಜದಲ್ಲಿ ಕಳೆದ ವರ್ಷವೇ ಸೇರಿದ್ದಿರಬಹುದು. ಅಟ್ರಜಿನ್‌ಗೆ ಸತ್ತರೆ ಅವು ಹೊರಗಿನಿಂದ ಬಂದು ಬಿದ್ದ ಕಾಳು. ಸುತ್ತಲಲ್ಲಿ ಆರ್‌ಟಿ ಬೆಳೆದಿದ್ದರೆ ಈ ತೀರ್ಮಾನ ನಿಲ್ಲದು, ಏಕೆಂದರೆ ಅದರ ಕಾಳು ಎರಡನ್ನೂ ತಾಳುತ್ತದೆ. ಅದನ್ನು ಮೊದಲೇ ವಿಚಾರಿಸಿಕೊಳ್ಳಿ.

ಆ ರೈತರ ಲೋಡಿನ 2,000 ಸಸಿಗಳಲ್ಲಿ ಗ್ಲೈಫೊಸೇಟ್ ದಾಟಿದವು ಮೂರು. ಅಟ್ರಜಿನ್ ಕೊಟ್ಟ ಹತ್ತನೇ ದಿನಕ್ಕೆ ಮೂರೂ ಅಂಚಿನಿಂದ ಒಣಗಿ ಬಿದ್ದವು. ಆ ಸೀಮೆಯಲ್ಲಿ ಆ ವರ್ಷ ಆರ್‌ಟಿ ಬಿತ್ತಿರಲಿಲ್ಲ. ಲೋಡು ಮೊದಲೇ ಶೇ 0.9ರ ಒಳಗಿದ್ದುದರಿಂದ ಅಂದೇ ಸಾಮಾನ್ಯ ರಾಶಿಗೆ ಹೋಗಿತ್ತು. ತಟ್ಟೆಯ ಫೋಟೊವನ್ನು ಅವರ ಮೊಬೈಲಿಗೆ ಕಳಿಸಿದೆ. ಸಂಜೆ ಫೋನ್ ಮಾಡಿ, ಪಕ್ಕದ ಹೊಲದವರ ಮನೆಗೆ ಹೋಗಿ ಬಂದೆ ಎಂದರು. ಮುಂದಿನ ಸುಗ್ಗಿಗೆ ಇಬ್ಬರೂ ಸೇರಿ ಒಂದು ಗಾಳಿ ಕಂಪ್ರೆಸರ್ ಕೊಳ್ಳುತ್ತಾರಂತೆ. ಯಾವ ಅಳತೆಯದು ತರಬೇಕು ಎಂದು ಕೇಳಿದರು.